ಕೊಳೆತ ಮಾವು ಮತ್ತು ‘ಕುಡುಕ ಕೋತಿ’ಗಳ ಕುರಿತು ಸ್ಪಷ್ಟನೆ

ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಮಾವಿನ ತೋಪುಗಳಲ್ಲಿ ಉದುರಿ ಕೊಳೆತ ಹಣ್ಣು ತಿಂದ ಕೋತಿಗಳೆಲ್ಲ ಅಮಲೇರಿ ಕುಡುಕರಾಗುತ್ತವೆ, ಒಮ್ಮೆ ರುಚಿ ಹತ್ತಿದ ಯಾವ ಪ್ರಾಣಿಯೂ ಮದ್ಯವನ್ನು ಬಿಡುವುದಿಲ್ಲ ಎಂಬ ಸಂದೇಶವೊಂದು ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಹುದುಗಿದ ಹಣ್ಣಿನಲ್ಲಿ ಸ್ವಲ್ಪ ಆಲ್ಕೋಹಾಲ್ ಇರುತ್ತದೆ ಎಂಬಷ್ಟು ಮಾತ್ರ ಇದರಲ್ಲಿ ನಿಜ. ‘ಎಲ್ಲವೂ’ ಎಂಬ ಪದವೇ ತಪ್ಪು.

ಕೆರಿಬಿಯನ್‌ನ ಸೇಂಟ್ ಕಿಟ್ಸ್ ದ್ವೀಪದ ವರ್ವೆಟ್ ಕೋತಿಗಳಿಗೆ ಸಿಹಿ ಬೆರೆಸಿದ ಮದ್ಯವನ್ನು ಇಟ್ಟು ನೋಡಿದಾಗ, ಹೆಚ್ಚಿನವು ಮಿತವಾಗಿ ಕುಡಿದವು, ಕೆಲವು ಮೂಸಿ ದೂರ ಸರಿದವು, ಸುಮಾರು ಶೇ. 5ರಷ್ಟು ಮಾತ್ರ ಪ್ರಜ್ಞೆ ತಪ್ಪುವಷ್ಟು ಕುಡಿದವು. ಒಂದೇ ಗುಂಪು, ಒಂದೇ ಪಾತ್ರೆ, ಆದರೂ ಇಷ್ಟು ವ್ಯತ್ಯಾಸ!

ಈ ವ್ಯತ್ಯಾಸದ ಬೇರು ಭಾಗಶಃ ಅನುವಂಶಿಕವಾದದ್ದು: ಫಿನ್ಲೆಂಡಿನಲ್ಲಿ ತಲೆಮಾರುಗಳ ಕಾಲ ಆಯ್ದು ಬೆಳೆಸಿದ ಇಲಿಗಳಲ್ಲಿ ಒಂದು ತಳಿ ಮದ್ಯವನ್ನೇ ಬಯಸಿದರೆ, ಇನ್ನೊಂದು ನೀರನ್ನೇ ಆರಿಸಿಕೊಳ್ಳುತ್ತದೆ. ಬೆಳೆದ ಬಗೆಯೂ ಮುಖ್ಯ. 1991ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ನಮ್ಮ ಊರಿನ ಕೋತಿಯ ಹತ್ತಿರದ ಬಳಗಕ್ಕೆ ಸೇರಿದ ರೀಸಸ್ ಕೋತಿಗಳ ಪೈಕಿ ತಾಯಿಯಿಲ್ಲದೆ ಓರಗೆಯವುಗಳ ಜೊತೆಗಷ್ಟೇ ಬೆಳೆದು ಹೆಚ್ಚು ಅಂಜುಬುರುಕವಾಗಿದ್ದ ಮರಿಗಳು, ತಾಯಿಯ ಮಡಿಲಲ್ಲಿ ಬೆಳೆದವುಗಳಿಗಿಂತ ಹೆಚ್ಚು ಕುಡಿದವು. ಆದರೆ ಸಂಗಾತಿಗಳಿಂದ ಅಗಲಿಸಿದಾಗ ತಾಯಿ ಸಾಕಿದವುಗಳ ಕುಡಿತವೂ ಏರಿತು.

ಆದ್ದರಿಂದ ತೋಪಿನಲ್ಲಿ ತೂಕಡಿಸುವ ಕೋತಿಯನ್ನು ಕಂಡು ‘ಅಮಲು’ ಎನ್ನುವ ಮುನ್ನ, ಅದು ಹೊಟ್ಟೆ ತುಂಬಿ ಬಿಸಿಲಿಗೆ ಮಲಗಿರಬಹುದು ಅಥವಾ ಕಾಯಿಲೆ ಬಿದ್ದಿರಬಹುದು ಎಂಬುದನ್ನೂ ಗಮನಿಸಬೇಕು. ಕಾಯಿಲೆಯೆನಿಸಿದರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು.