ಎಚ್ಚರ ತಪ್ಪಿದವನ ಕರಾರು

ಎಚ್ಚರ ತಪ್ಪಿ ಬಿದ್ದವನೂ ಕರಾರು ಮಾಡಿಕೊಳ್ಳಬಹುದು. ಇದು ನನ್ನ ಮಾತಲ್ಲ. ಅಮೆರಿಕದ ಅರ್ಕಾನ್ಸಾ ರಾಜ್ಯದ ಸುಪ್ರೀಂ ಕೋರ್ಟು 1907ರಲ್ಲಿ ಹೇಳಿದ್ದು.

ಹ್ಯಾರಿಸನ್ ಎಂಬಾತ ಟ್ರಾಮಿನಿಂದ ಬಿದ್ದ. ಎಚ್ಚರ ತಪ್ಪಿತು. ನೋಡುತ್ತಿದ್ದವರಲ್ಲಿ ಒಬ್ಬರು ಡಾಕ್ಟರನ್ನು ಕರೆಸಿದರು, ಆ ಡಾಕ್ಟರು ಇನ್ನೊಬ್ಬ ಡಾಕ್ಟರನ್ನು ಕರೆಸಿದರು. ಇಬ್ಬರೂ ಸೇರಿ ಕಷ್ಟದ ಆಪರೇಷನ್ ಮಾಡಿದರು. ಹ್ಯಾರಿಸನ್ ಕಣ್ಣು ಬಿಡಲೇ ಇಲ್ಲ, ಹಾಗೇ ತೀರಿಕೊಂಡ. ಬಿಲ್ಲು ಮಾತ್ರ ಬದುಕಿತು.

ಆಸ್ತಿ ನೋಡಿಕೊಳ್ಳುತ್ತಿದ್ದವರ ತಕರಾರು ಇಷ್ಟೇ: ಅವನು ಯಾವಾಗ ಒಪ್ಪಿದ್ದ? ಒಪ್ಪಿರಲಿಲ್ಲ ನಿಜ, ಆದರೂ ಒಪ್ಪಿದ್ದ ಅಂತಲೇ ಕಾನೂನು ಇಟ್ಟುಕೊಳ್ಳುತ್ತದೆ ಎಂದಿತು ಕೋರ್ಟು. ರೋಗಿ ಬದುಕಲಿ, ಸಾಯಲಿ, ದುಡಿದವರಿಗೆ ಫೀಸು ಸಲ್ಲಬೇಕು. ಇದರಲ್ಲಿ ನನ್ನ ಜಗಳವಿಲ್ಲ. ಇಲ್ಲದಿದ್ದರೆ ಬೀದಿಯಲ್ಲಿ ಬಿದ್ದವನ ಹತ್ತಿರ ಯಾರು ಬರುತ್ತಾರೆ?

ತಮಾಷೆ ಇರುವುದು ಫೀಸಿನ ಲೆಕ್ಕದಲ್ಲಿ. ಕೆಳಗಿನ ಕೋರ್ಟಿನ ಜ್ಯೂರಿ ಮುಂದೆ ಬಂದ ಸಾಕ್ಷ್ಯ ನೋಡಿ. ಹ್ಯಾರಿಸನ್‌ಗೆ ಮದುವೆಯಾಗಿರಲಿಲ್ಲ. ದುಡ್ಡಿತ್ತು. ಆಸ್ತಿ ಹೋಗುವುದು ಹೆಂಡತಿ ಮಕ್ಕಳಿಗಲ್ಲ, ನೆಂಟರಿಗೆ. ಬ್ರಹ್ಮಚಾರಿಯ ಚರ್ಮ ಕೊಯ್ಯುವುದು ಜಾಸ್ತಿ ಕಷ್ಟವೋ ಏನೋ! ಜ್ಯೂರಿ 650 ಡಾಲರ್ ಕೊಡಿಸಿತು.

ಮೇಲಿನ ಕೋರ್ಟು ಇದನ್ನು ಒಪ್ಪದೆ ಮತ್ತೆ ವಿಚಾರಣೆಗೆ ಕಳಿಸಿತು. ರೋಗಿಯ ಜೇಬು ನೋಡಿ ಫೀಸು ಹೇಳುವ ರೂಢಿ ಡಾಕ್ಟರುಗಳಲ್ಲಿ ಇದ್ದೀತು. ಆದರೆ ಎಚ್ಚರವೇ ಇಲ್ಲದವನು ಆ ರೂಢಿಗೆ ತಲೆ ಆಡಿಸಿದ್ದ ಅನ್ನುವುದು ಹೇಗೆ? ಅವನಿಗೆ ನ್ಯಾಯವಾದ ದರ ಅಷ್ಟೇ ಹಾಕಿ ಎಂದಿತು. ಅಂದರೆ ನ್ಯಾಯವಾದ ದರ ಬೇಕಿದ್ದವರು ಆಸ್ಪತ್ರೆಗೆ ಹೋಗುವ ಮೊದಲೇ ಎಚ್ಚರ ತಪ್ಪಿಕೊಳ್ಳುವುದು ಒಳ್ಳೆಯದು, ಅಲ್ವಾ?

ಬೆಂಗಳೂರಿನಲ್ಲಿ ಈ ಉಪಾಯವೂ ನಡೆಯದು. ನೀವು ಎಚ್ಚರ ತಪ್ಪಿದ್ದರೆ ನಿಮ್ಮ ಮಗನನ್ನು ಕೇಳುತ್ತಾರೆ: "ಸರ್, ಇನ್ಶೂರೆನ್ಸ್ ಇದೆಯಾ? ಎಷ್ಟು ಲಕ್ಷದ್ದು?" ನಾಡಿ ಹಿಡಿಯುವುದು ಆಮೇಲೆ. ಮುಂದಿನ ಪ್ರಶ್ನೆ ರೂಮಿನದು. ಅದೇ ಅಪೆಂಡಿಕ್ಸ್, ಅದೇ ಡಾಕ್ಟರು, ಅದೇ ಥಿಯೇಟರು. ಆದರೂ ಜನರಲ್ ವಾರ್ಡಿನ ಹೊಟ್ಟೆಗೆ ಒಂದು ಸರ್ಜನ್ ಫೀಸು, ಡೀಲಕ್ಸ್ ರೂಮಿನ ಹೊಟ್ಟೆಗೆ ಇನ್ನೊಂದು. ರೂಮಿನ ಎಸಿ, ಟಿವಿ, ಸೋಫಾ ಎಲ್ಲವನ್ನೂ ದಾಟಿಯೇ ಅಪೆಂಡಿಕ್ಸ್ ಮುಟ್ಟಬೇಕೇನೋ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ಬಾಕಿ ಕಟ್ಟದಿದ್ದರೆ ಹೆಣ ಕೊಡುವುದಿಲ್ಲ ಎಂದು ಖಾಸಗಿ ಆಸ್ಪತ್ರೆಗಳು ಪಟ್ಟು ಹಿಡಿಯುವಂತಿಲ್ಲ ಎಂದು 2017ರಲ್ಲಿ ಕರ್ನಾಟಕ ತನ್ನ ಕಾನೂನಿಗೆ ತಿದ್ದುಪಡಿ ತಂದಿತು. ಇಂಥದ್ದನ್ನೂ ಬರೆದೇ ಹೇಳಬೇಕಾಯಿತು ನೋಡಿ. ದರಪಟ್ಟಿ ಜನರಿಗೆ ಕಾಣುವಂತೆ ಹಾಕಬೇಕು ಎಂಬುದೂ ಕಾನೂನಿನಲ್ಲಿದೆ. ಒಮ್ಮೆ ಕೌಂಟರಿನಲ್ಲಿ ಸುಮ್ನೆ ಕೇಳಿ ನೋಡಿ.

"ಪಟ್ಟಿ ಇದೆ ಸರ್. ಮೊದಲು ಯಾವ ರೂಮು ಅಂತ ಹೇಳಿ, ಆ ಪಟ್ಟಿ ತೋರಿಸ್ತೀನಿ."