ಸ್ಪಷ್ಟನೆ: ಹೆಪಟೈಟಿಸ್ ಬಿಗೆ ‘ಇಮ್ಯುನಿಟಿ ಹೆಚ್ಚಿಸುವುದು’ ಮದ್ದಲ್ಲ

“ಹೆಪಟೈಟಿಸ್ ಬಿ ವೈರಸ್ ಲಿವರನ್ನು ತಿನ್ನುತ್ತದೆ, ಅಮೃತಬಳ್ಳಿ ಕಷಾಯ ಕುಡಿದು ಇಮ್ಯುನಿಟಿ ಹೆಚ್ಚಿಸಿಕೊಂಡರೆ ಸಾಕು, ಮಾತ್ರೆ ಬೇಡ” ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಈ ವೈರಸ್ ತಾನಾಗಿ ಲಿವರ್ ಕೋಶಗಳನ್ನು ಕೊಲ್ಲುವುದು ಕಡಿಮೆ. ಸೋಂಕಿತ ಕೋಶವನ್ನು ಗುರುತಿಸಿ ಕೊಲ್ಲುವುದು ನಮ್ಮದೇ ಇಮ್ಯುನಿಟಿಯ ಸಿಡಿ8 ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ). ಹಾಗೆ ಒಡೆದ ಕೋಶದಿಂದ ಸೋರಿದ ಎಎಲ್‌ಟಿ ಕಿಣ್ವವೇ ರಕ್ತಪರೀಕ್ಷೆಯಲ್ಲಿ ಏರಿ ಕಾಣುವುದು. ದಾಳಿ ಮಿತಿಮೀರದಂತೆ ನಿಯಂತ್ರಕ ಟಿ ಕೋಶಗಳು, ಐಎಲ್-10 (ದಾಳಿ ತಗ್ಗಿಸುವ ಸಂದೇಶ-ಪ್ರೋಟೀನ್), ಪಿಡಿ-1 (ಟಿ ಕೋಶದ ಮೇಲಿನ ತಡೆ-ಪ್ರೋಟೀನ್) ಲಗಾಮು ಹಿಡಿದಿರುತ್ತವೆ. ಲಗಾಮು ಸಡಿಲಾದರೆ ಲಿವರಿಗೆ ಪೆಟ್ಟು; ತೀರಾ ಬಿಗಿಯಾದರೆ ವೈರಸ್ ಉಳಿದುಬಿಡುತ್ತದೆ. ಹೆರಿಗೆ ವೇಳೆ ಸೋಂಕು ತಗುಲಿದ 100 ಶಿಶುಗಳಲ್ಲಿ ಸುಮಾರು 90ಕ್ಕೆ ಅದು ದೀರ್ಘಕಾಲ ಉಳಿಯುತ್ತದೆ, ಆರೋಗ್ಯವಂತ ವಯಸ್ಕರಲ್ಲಿ 5ಕ್ಕಿಂತ ಕಡಿಮೆ ಮಂದಿಗೆ. ಎಎಲ್‌ಟಿ ನಾರ್ಮಲ್ ಬಂದ ಮಾತ್ರಕ್ಕೆ ವೈರಸ್ ಹೋಯಿತೆಂದಲ್ಲ. ವೈರಸ್‌ನ ಡಿಎನ್‌ಎ ಪ್ರಮಾಣವನ್ನೂ ನೋಡಬೇಕು.

ಅಮೃತಬಳ್ಳಿ ಸೇವಿಸಿದವರಲ್ಲಿ ಆಟೊಇಮ್ಯೂನ್ ಮಾದರಿಯ (ಇಮ್ಯುನಿಟಿಯೇ ಸ್ವಂತ ದೇಹದ ಮೇಲೆ ಎರಗುವ) ಲಿವರ್ ಹಾನಿ ಕಂಡ ಪ್ರಕರಣಗಳು 2021ರಲ್ಲಿ ಮುಂಬೈಯಿಂದ ವರದಿಯಾಗಿವೆ.

ದಯವಿಟ್ಟು ಈ ವೈರಸ್ ಹತ್ತಿಕ್ಕುವ ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ವೈರಸ್ ಮತ್ತೆ ಹೆಚ್ಚಿ, ಟಿ ಕೋಶಗಳು ಒಮ್ಮೆಲೇ ಎರಗಿ, ಲಿವರ್ ಕೈಕೊಡಬಹುದು. ಇಮ್ಯುನಿಟಿ ತಗ್ಗಿಸುವ ರಿಟುಕ್ಸಿಮ್ಯಾಬ್, ಕೀಮೊ ಚಿಕಿತ್ಸೆ ಶುರುವಾಗುವ ಮೊದಲು ಎಚ್‌ಬಿಎಸ್‌ಎಜಿ (ವೈರಸ್ ಹೊರಕವಚದ ಪ್ರೋಟೀನ್) ಜೊತೆ ಆಂಟಿ-ಎಚ್‌ಬಿಸಿ (ಈಗ ಅಥವಾ ಹಿಂದೆ ಸೋಂಕು ತಗುಲಿದ್ದರ ಗುರುತಾದ ಪ್ರತಿಕಾಯ) ಪರೀಕ್ಷೆಯನ್ನೂ ಮಾಡಿಸಿ: ಮೊದಲನೆಯದು ನೆಗೆಟಿವ್ ಇದ್ದರೂ ಎರಡನೆಯದು ಪಾಸಿಟಿವ್ ಇದ್ದರೆ ಅಡಗಿದ ವೈರಸ್ ಮತ್ತೆ ಏಳಬಹುದು.