ಇಪ್ಪತ್ತೇಳು ಟ್ರಂಕು, ಒಂದೇ ಬೀಗದ ಕೈ

ಬೋರ್ಡಿಂಗಿನ ಮೊದಲ ದಿನವೇ ನನ್ನ ಊರಿನ ಹೆಸರು ನನಗೆ ಕೈಕೊಟ್ಟಿತು. ಜಗಲಿಯಲ್ಲಿ ಟ್ರಂಕಿನ ಮೇಲೆ ಕೂತು ಮೂಗೊರೆಸಿಕೊಳ್ಳುತ್ತಿದ್ದೆ. ಎರಡು ಜಡೆಗೂ ಕೆಂಪು ರಿಬ್ಬನ್ ಕಟ್ಟಿದ್ದ ಹುಡುಗಿಯೊಬ್ಬಳು ಬಂದು, "ಯಾವೂರಲೇ ನಿಂದು?" ಎಂದಳು.

"ನಗರ."

"ಯಾವ ನಗರ?"

"ನಗರವೇ."

ಇವಳಿಗೆ ಸೊಕ್ಕು ಎಂದು ಅವಳು ಅಲ್ಲೇ ತೀರ್ಮಾನಿಸಿಬಿಟ್ಟಳು. ನಾನೇನು ಮಾಡಲಿ? ಹೊಸನಗರ ತಾಲ್ಲೂಕಿನ ನಮ್ಮೂರು ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರ ಎಂದು ಹೆಸರಿಟ್ಟ. ಹೈದರ ಹೋದ, ನಗರ ಉಳಿಯಿತು. ನಮ್ಮ ಮನೆಯಂತೂ ಆ ನಗರದಿಂದಲೂ ಎರಡು ಹಳ್ಳ ದಾಟಿ ಆಚೆ. ಮಳೆಗಾಲ ಹಿಡಿದರೆ ಕಾಲುಸಂಕ ತೇಲಿಹೋಗುತ್ತಿತ್ತು, ಅದರ ಜೊತೆ ನನ್ನ ಶಾಲೆಯೂ. ಅದಕ್ಕೇ 1982ರ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಅಪ್ಪಯ್ಯ ನನ್ನನ್ನು ತೀರ್ಥಹಳ್ಳಿಗೆ ತಂದು, ಹೆಣ್ಣುಮಕ್ಕಳ ಈ ಪುಟ್ಟ ಬೋರ್ಡಿಂಗಿನಲ್ಲಿ ಬಿಟ್ಟಿದ್ದು.

ರಿಬ್ಬನ್ನಿನ ಹುಡುಗಿ ದಾವಣಗೆರೆಯವಳು. ಅಪ್ಪನಿಗೆ ಹೋದಲ್ಲೆಲ್ಲ ವರ್ಗವಾಗುತ್ತಿದ್ದರಿಂದ ಇಲ್ಲಿಗೆ ಬಂದು ಬಿದ್ದಿದ್ದಳು. ಟಾಕೀಸು, ಹತ್ತಿ ಗಿರಣಿ, ಬೆಣ್ಣೆದೋಸೆ ಎಲ್ಲವನ್ನೂ ಕಂಡವಳಿಗೆ ಬಸ್‌ಸ್ಟ್ಯಾಂಡೂ ಇಲ್ಲದ ಊರು ನಗರ ಎನ್ನಿಸಿಕೊಳ್ಳುವುದು ಸಹಿಸಲಿಲ್ಲ. ಆದರೂ ಸಂಜೆಯೊಳಗೆ ನನ್ನ ಹೆಸರು ‘ನಗರ’ ಆಗಿತ್ತು. ಅಲ್ಲಿ ಹಾಗೆಯೇ. ಇದ್ದ 27 ಹುಡುಗಿಯರಲ್ಲಿ ನಾಲ್ವರು ಒಂದೇ ಹೆಸರಿನವರು, ಹಾಗಾಗಿ ಊರೇ ಹೆಸರು. ‘ಕೊಪ್ಪಕ್ಕೆ ಜ್ವರ ಬಂದಿದೆ’, ‘ಭದ್ರಾವತಿ ಬಚ್ಚಲಲ್ಲಿದೆ’, ‘ಸಾಗರ ಅಳ್ತಾ ಇದೆ’ ಎಂದು ನಾವು ಮಾತಾಡುವುದನ್ನು ಹೊರಗಿನವರು ಕೇಳಿದರೆ ಜಿಲ್ಲೆಗೇ ಏನೋ ಆಗಿದೆ ಎಂದುಕೊಳ್ಳಬೇಕು.

ಬಚ್ಚಲು ಎಂದರೆ ನೆನಪಾಗುತ್ತದೆ, ಇಪ್ಪತ್ತೇಳು ಜನಕ್ಕೆ ಇದ್ದಿದ್ದು ಎರಡು. ವಾರ್ಡನ್ನಮ್ಮನ ರೇಡಿಯೋದಲ್ಲಿ ಬೆಳಿಗ್ಗೆ 6.55ಕ್ಕೆ ಸಂಸ್ಕೃತ ವಾರ್ತೆ ಶುರುವಾಗುವುದರೊಳಗೆ ಎಲ್ಲರ ಸ್ನಾನ ಮುಗಿದಿರಬೇಕು ಎಂಬುದು ಕಾನೂನು. ‘ಇಯಂ ಆಕಾಶವಾಣೀ’ ಎಂದರೆ ನೊರೆ ತೊಳೆದುಕೋ ಎಂದೂ, ‘ವಾರ್ತಾಃ ಶ್ರೂಯಂತಾಮ್’ ಎಂದರೆ ಬಾಗಿಲು ತೆಗೆ ಎಂದೂ ನಾವು ಅರ್ಥ ಮಾಡಿಕೊಂಡಿದ್ದೆವು. ವಾರ್ತೆ ಓದುತ್ತಿದ್ದ ಬಲದೇವಾನಂದ ಸಾಗರರನ್ನು ನಮ್ಮ ಸಾಗರದ ಹುಡುಗಿ ತಮ್ಮೂರಿನವರೇ ಎಂದು ಹಕ್ಕಿನಿಂದ ಹೇಳಿಕೊಳ್ಳುತ್ತಿದ್ದಳು. "ಮಾರಿಗುಡಿ ಹಿಂದೆ ಅವರ ಮನೆ" ಎಂದೂ ಸೇರಿಸಿದ್ದಳು. ನಾವು ನಂಬಿದೆವು. ತಮ್ಮೂರಿನ ಹುಡುಗಿಗೆ ಸ್ನಾನಕ್ಕೆ ಎರಡು ನಿಮಿಷ ಹೆಚ್ಚು ಕೊಡಬಾರದಿತ್ತೇ ಈ ಮನುಷ್ಯ ಎಂಬುದೊಂದೇ ನಮ್ಮ ದೂರು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡುಗೆ ಅಜ್ಜಿ ಒಳ್ಳೆಯವಳು, ಅವಳ ಸಾರು ಮಾತ್ರ ತುಂಗೆಯ ತಂಗಿ. ತಳ ಕಾಣುವಷ್ಟು ತಿಳಿ.

ಮನೆಗೆ ಬರೆದು ತಿಂಡಿ ತರಿಸೋಣವೆಂದರೆ ಹದಿನೈದು ಪೈಸೆಯ ಕಾರ್ಡನ್ನು ಮೊದಲು ವಾರ್ಡನ್ನಮ್ಮ ಓದಬೇಕು. ಆಮೇಲೆ ಪೋಸ್ಟ್‌ಮ್ಯಾನ್, ಆಮೇಲೆ ಬಸ್ಸಿಳಿಯುವಲ್ಲಿ ಅಂಗಡಿಯವನು, ಕೊನೆಗೆ ಉಳಿದರೆ ಅಮ್ಮ. ಅದಕ್ಕೆ ನಾನೂ ಅಮ್ಮನೂ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಂಡಿದ್ದೆವು. ‘ಇಲ್ಲಿ ಮಳೆ ಜೋರು’ ಎಂದು ಬರೆದರೆ ಹೊಟ್ಟೆಗೆ ಸಾಲುತ್ತಿಲ್ಲ, ಕೂಡಲೇ ಏನಾದರೂ ಕಳಿಸು ಎಂದರ್ಥ. ಉಪಾಯ ನನ್ನದೇ. ಆಗ ಬೇಸಿಗೆ ರಜೆಯ ಕೊನೆ, ಆಕಾಶದಲ್ಲಿ ಮೋಡವಿರಲಿಲ್ಲ, ನನ್ನ ತಲೆಯಲ್ಲಿ ಮಲೆನಾಡಿನ ಆಷಾಢವೂ ಇರಲಿಲ್ಲ.

ಜುಲೈಯಲ್ಲಿ ಬರೆದೆ: ‘ಇಲ್ಲಿ ಮಳೆ ಜೋರು.’ ಉತ್ತರ ಬಂತು: ‘ಇಲ್ಲೂ ಮಳೆ ಜೋರು. ಕೊಟ್ಟಿಗೆ ಮಾಡು ಸೋರ್ತಿದೆ.’ ಮತ್ತೆ ಬರೆದೆ: ‘ಇಲ್ಲಿ ಭಯಂಕರ ಮಳೆ. ತಡೆಯಲು ಆಗುತ್ತಿಲ್ಲ.’ ನಾಲ್ಕನೇ ದಿನ ಅಪ್ಪಯ್ಯ ಬಾಗಿಲಲ್ಲಿ ಪ್ರತ್ಯಕ್ಷ. ಕೈಯಲ್ಲಿ ದೊಡ್ಡ ಗಂಟು. ನಾನು ಓಡಿಹೋಗಿ ಬಿಚ್ಚಿದರೆ ಒಳಗೊಂದು ಕೊಡೆ, ಒಂದು ಕಂಬಳಿಕೊಪ್ಪೆ. ಗದ್ದೆ ನಟ್ಟಿಗೆ ಹೋಗುವವರು ತಲೆಯಿಂದ ಮೊಣಕಾಲವರೆಗೆ ಹೊದೆಯುವ ಕೊಪ್ಪೆ! "ನಿನ್ನ ಕಾರ್ಡು ನೋಡಿ ನಿನ್ನಮ್ಮಂಗೆ ನಿದ್ದೆ ಇಲ್ಲೆ ಮಾರಾಯ್ತಿ" ಎಂದರು ಅಪ್ಪಯ್ಯ. ಅದನ್ನು ಹೊದ್ದು ಶಾಲೆಗೆ ಹೋಗುವ ಬದಲು ನಾನು ಮೂರು ದಿನ ನೆನೆದುಕೊಂಡೇ ಹೋದೆ, ನಾಲ್ಕನೆಯ ದಿನ ಜ್ವರ ಬಂತು. ಮಲಗಿದ್ದಾಗ ಹೊದೆಯಲು ಕೊಪ್ಪೆ ಬಹಳ ಬೆಚ್ಚಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಶಿವರಾತ್ರಿಯ ಹೊತ್ತಿಗೆ ಮತ್ತೊಮ್ಮೆ ‘ಇಲ್ಲಿ ಮಳೆ ಜೋರು’ ಎಂದು ಬರೆದೆ. ಈ ಸಲ ಅಮ್ಮನಿಗೆ ತಕ್ಷಣ ಅರ್ಥವಾಗಿ ಕೋಡುಬಳೆ, ಎಳ್ಳುಂಡೆ, ಒಂದು ಭರಣಿ ಅಪ್ಪೆಮಿಡಿ ಬಂದವು. ಅವುಗಳಿಗಿಂತ ಮೊದಲು ವಾರ್ಡನ್ನಮ್ಮ ನನ್ನನ್ನು ಕರೆದು ಹಣೆ ಮುಟ್ಟಿ ನೋಡಿ, ಕಿಟಕಿಯಾಚೆಯ ಬಿಸಿಲನ್ನೂ ಒಮ್ಮೆ ನೋಡಿ, "ರಾತ್ರಿ ಸರಿ ನಿದ್ದೆ ಬರ್ತದಾ ನಿಂಗೆ?" ಎಂದು ಮೆಲ್ಲಗೆ ಕೇಳಿದ್ದರು.

ಮಿಡಿಯ ಭರಣಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಬೀಗ ಹಾಕಿದ ಟ್ರಂಕಿನೊಳಗೇ ಮಿಡಿ ದಿನಕ್ಕೆ ಎರಡು ಮೂರರಂತೆ ಕಡಿಮೆಯಾಗತೊಡಗಿತು. ಉಪ್ಪಿಗೆ ಕುಗ್ಗುತ್ತಿದೆ ಎಂದು ಸಮಾಧಾನ ಮಾಡಿಕೊಂಡೆ. ಗುಟ್ಟು ಗೊತ್ತಾದದ್ದು ಬಾವಿಯಿಂದ. ನೀರು ಸೇದುವಾಗ ಕೊರಳ ದಾರ ಕಡಿದು ಬೀಗದ ಕೈ ಬಾವಿಗೆ ಬಿತ್ತು. ಟ್ರಂಕಿನ ಎದುರು ಕೂತು ಗೊಳೋ ಎಂದು ಅಳುತ್ತಿದ್ದರೆ ಕೊಪ್ಪ ಎದ್ದು ಬಂದು, ಒಂದು ಮಾತೂ ಆಡದೆ, ತನ್ನ ಬೀಗದ ಕೈ ತೂರಿಸಿ ತಿರುಗಿಸಿದಳು. ಟಕ್. ತೆರೆಯಿತು.

ಕೋಣೆಯಲ್ಲಿ ಒಂದು ಕ್ಷಣ ಮೌನ. ಆಮೇಲೆ ದಾವಣಗೆರೆ ಎದ್ದು ಸಾಗರದ ಬೀಗಕ್ಕೆ ತನ್ನದನ್ನು ಹಾಕಿದಳು. ಟಕ್. ಸಾಗರ ಭದ್ರಾವತಿಯದಕ್ಕೆ. ಟಕ್. ನಾವೆಲ್ಲ ಶಾಲೆಗೆ ಸೇರುವ ದಿನ ಪೇಟೆಯ ಒಂದೇ ಅಂಗಡಿಯಲ್ಲಿ, ಒಂದೇ ರಾಶಿಯಿಂದ ಬೀಗ ಕೊಂಡವರು! ಎಲ್ಲರ ಮುಖದಲ್ಲೂ ಆಶ್ಚರ್ಯ, ಆದರೆ ಆ ಆಶ್ಚರ್ಯ ಸ್ವಲ್ಪ ತಡವಾಗಿ ಬಂತೆಂದು ನನಗೆ ಈಗಲೂ ಅನುಮಾನ. ತೆರೆಯದೇ ಉಳಿದಿದ್ದು ಶೃಂಗೇರಿಯದೊಂದೇ. ಅವಳಪ್ಪ ಶಿವಮೊಗ್ಗದಿಂದ ಗಟ್ಟಿ ಬೀಗ ತಂದಿದ್ದರು. ಹಾಗಾಗಿ ಕಳೆದುಹೋದದ್ದೆಲ್ಲ ಅವಳ ಟ್ರಂಕಿನಲ್ಲಿದೆ ಎಂದು ಮೂರು ವರ್ಷ ನಾವು ದೃಢವಾಗಿ ನಂಬಿದೆವು. ಪಾಪ.

ಗುಟ್ಟು ಬಯಲಾದ ಮೇಲೂ ಯಾರೂ ಬೀಗ ಹಾಕುವುದನ್ನು ಬಿಡಲಿಲ್ಲ. ಬೇರೆಯವರ ಟ್ರಂಕಿನಿಂದ ಚಕ್ಕುಲಿ ತೆಗೆದವಳು ತಿರುಗಿ ಬೀಗ ಹಾಕಿ ಹೋಗಬೇಕು. ಹಾಕದೆ ಹೋದವಳು ಕಳ್ಳಿ.

ಹಾಗೆ ತಿರುಗಿ ಸಿಗದ ವಸ್ತುವೆಂದರೆ ನನ್ನ ನೀಲಿ ಲಂಗ. ಒಂಬತ್ತನೇ ಕ್ಲಾಸಿನ ಮಳೆಗಾಲ. ಬಿಸಿಲೇ ಇಲ್ಲದ ತಿಂಗಳುಗಳಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಎಲ್ಲರ ಬಟ್ಟೆ ನೇತುಹಾಕುತ್ತಿದ್ದೆವು. ಬಟ್ಟೆ ಒಣಗುತ್ತಿರಲಿಲ್ಲ, ಹೊಗೆ ಕುಡಿಯುತ್ತಿತ್ತು. ಮನೆಯಿಂದ ಶಾಲೆಗೆ ಬರುವ ಹುಡುಗಿಯರು ನಮ್ಮನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸುತ್ತಿದ್ದರು. ಆ ಹಗ್ಗದಿಂದ ಲಂಗ ಮಾಯವಾಯಿತು. ಗುರುತಿಗೆಂದು ಅಮ್ಮ ಪಟ್ಟಿಯ ಒಳಗಡೆ ಕೆಂಪು ದಾರದಲ್ಲಿ ‘ನ’ ಎಂದು ಹೊಲಿದಿದ್ದಳು. ತನಿಖೆಯ ಮುಂದಾಳತ್ವ ವಹಿಸಿದವಳು ದಾವಣಗೆರೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅಡುಗೆ ಅಜ್ಜಿಯನ್ನೂ ಬಿಡದೆ ಕೇಳಿದಳು. ಕೊನೆಗೆ, ನದಿಗೆ ಬಟ್ಟೆ ಒಗೆಯಲು ಹೋದಾಗ ಬಿಟ್ಟಿರಬೇಕು, ತುಂಗಮ್ಮ ಒಯ್ದಳು ಎಂದು ತೀರ್ಪು ಕೊಟ್ಟಳು. ನನಗೆ ಹೆದರಿಕೆಯೆಂದು ಅಪ್ಪಯ್ಯನಿಗೆ ಕಾರ್ಡನ್ನೂ ತಾನೇ ಬರೆದುಕೊಟ್ಟಳು. ಹೊಸ ಲಂಗದ ಜೊತೆ ಅಪ್ಪಯ್ಯನಿಂದ ಬಂದದ್ದು ಒಂದು ಗಂಟೆಯ ಉಪದೇಶ: ಮಳೆಗಾಲದ ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳ ಬುದ್ಧಿಯ ಬಗ್ಗೆ.

ಭಾನುವಾರ ಹೇನಿನ ದಿನ. ಮೆಟ್ಟಿಲ ಮೇಲೆ ಒಬ್ಬಳ ಹಿಂದೊಬ್ಬಳು ಕೂತು ಸೀರಣಿಗೆ ಹಿಡಿಯುವ ರೈಲು. ಇದರಲ್ಲಿ ಕೊನೆಯ ಬೋಗಿಗೆ ಯಾವಾಗಲೂ ಅನ್ಯಾಯ, ಅವಳ ತಲೆ ನೋಡುವವರಿಲ್ಲ. ಅಂಗಳದಲ್ಲಿ ದುಂಡಗೆ ಕೂರಬಹುದು ಎಂದು ಕಂಡುಹಿಡಿದವಳು ಗಣಿತದಲ್ಲಿ ಯಾವಾಗಲೂ ಫೇಲಾಗುತ್ತಿದ್ದ ಭದ್ರಾವತಿ. ಒಮ್ಮೆ ದಾವಣಗೆರೆ ರಜೆಯಿಂದ ಬರುವಾಗ ಸೀತಾಫಲದ ಬೀಜದ ಪುಡಿ ತಂದು, ಇದಕ್ಕಿಂತ ಮದ್ದಿಲ್ಲ ಎಂದು ಎಲ್ಲರ ತಲೆಗೂ ಮೆತ್ತಿದಳು. ಹೇನಿಗೆ ಏನಾಯಿತೋ ನೋಡುವ ಸ್ಥಿತಿಯಲ್ಲಿ ನಾವಿರಲಿಲ್ಲ. ಕಣ್ಣಿಗಿಳಿದ ಆ ಉರಿಗೆ ಹನ್ನೊಂದು ಜನ ಬಾವಿಕಟ್ಟೆಯ ಸುತ್ತ ಕುಣಿದೆವು. ವಾರ್ಡನ್ನಮ್ಮ ಸೇದಿ ಸೇದಿ ನೀರು ಹೊಯ್ದರು, ಮಧ್ಯೆ ಮಧ್ಯೆ ಬೈದರು. ಮಾರನೆಯ ದಿನ ಡಾಕ್ಟರ ಶಾಪಿನಲ್ಲಿ ನಮ್ಮದೇ ಸಾಲು.

ಎಳ್ಳಮಾವಾಸ್ಯೆ ಜಾತ್ರೆಯದೊಂದು ಹೇಳದಿದ್ದರೆ ಆಗುವುದಿಲ್ಲ. ವರ್ಷದಲ್ಲಿ ಅದೊಂದೇ ಸಂಜೆ ನಮಗೆ ಬಿಡುಗಡೆ. ರಾಮೇಶ್ವರ ದೇವಸ್ಥಾನ, ತುಂಗೆಯಲ್ಲಿ ತೆಪ್ಪೋತ್ಸವ, ಬಳೆ, ಮಂಡಕ್ಕಿ, ಬತ್ತಾಸು. ಹೊರಡುವಾಗ ಎಣಿಸಿದರೆ 27. ಹಿಂದೆ ಬಂದು ಗೇಟಿನಲ್ಲಿ ಎಣಿಸಿದರೆ 28. ವಾರ್ಡನ್ನಮ್ಮ ಮತ್ತೆ ಎಣಿಸಿದರು. 28. ಅವರ ಮುಖ ಬಿಳುಚಿತು. "ಕಡಿಮೆಯಾದ್ರೆ ಹುಡುಕಬಹುದಿತ್ತು. ಹೆಚ್ಚಾದ್ರೆ ಏನು ಮಾಡೋದೇ?" ಲಾಟೀನು ಹಿಡಿದು ಒಬ್ಬೊಬ್ಬಳ ಮುಖ ನೋಡುತ್ತ ಬಂದರೆ ಸಾಲಿನ ತುದಿಯಲ್ಲಿ ಆರೇಳು ವರ್ಷದ ಪುಟಾಣಿಯೊಂದು ಬತ್ತಾಸು ಚೀಪುತ್ತ ನಿಂತಿದೆ. ಎಲ್ಲರಿಗೂ ಬತ್ತಾಸು ಹಂಚುವುದನ್ನು ಕಂಡು ಸಾಲಿಗೆ ಸೇರಿದವಳು ಆಮೇಲೆ ಬಿಡಲೇ ಇಲ್ಲ. ಅಷ್ಟರಲ್ಲಿ ಅವಳ ಅಜ್ಜ ಏದುಸಿರು ಬಿಡುತ್ತ ಬಂದರು. ಮೊಮ್ಮಗಳು ಹೋಗಲೊಪ್ಪದೆ ರಚ್ಚೆ ಹಿಡಿದಳು. ಆ ಬೋರ್ಡಿಂಗಿನಿಂದ ಮನೆಗೆ ಹೋಗಲು ಅತ್ತವಳು ಅವಳೊಬ್ಬಳೇ.

ಹೋದ ತಿಂಗಳು ದಾವಣಗೆರೆಯ ಫೋನು ಬಂತು. ಈಗ ಅವಳು ಬೆಂಗಳೂರಿನಲ್ಲಿ ಮೊಮ್ಮಗನನ್ನು ನೋಡಿಕೊಂಡಿದ್ದಾಳೆ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿಂದ ಬೋರ್ಡಿಂಗಿನ ಟ್ರಂಕು ಇಳಿಸಿದ್ದಾರೆ, ಬೀಗದ ಕೈ ಎಲ್ಲೋ ಹೋಗಿದೆ, ಒಡೆಯಲು ಮನಸ್ಸಿಲ್ಲ. "ನಿನ್ ಹತ್ರ ಐತೇನಲೇ?" ಇತ್ತು. ಬಾವಿಗೆ ಬಿದ್ದದ್ದರ ಬದಲಿಗೆ ಕೊಪ್ಪ ಕೊಟ್ಟಿದ್ದು, ದೇವರ ಗೂಡಿನ ಡಬ್ಬಿಯಲ್ಲಿ ಇಷ್ಟು ವರ್ಷ ಸುಮ್ಮನೆ ಕೂತಿತ್ತು. ಕೊರಿಯರ್‌ನವನು ‘ಒಳಗೇನಿದೆ ಮೇಡಂ?’ ಎಂದಾಗ ‘ಬೀಗದ ಕೈ’ ಎಂದೆ. ಅದಕ್ಕೆ ಎಂಬತ್ತು ರೂಪಾಯಿಯೇ ಎಂಬಂತೆ ನೋಡಿದ.

ಮೂರನೆಯ ದಿನ ಫೋನು ಮಾಡಿ, ತೆರೆಯಿತಾ ಎಂದು ಕೇಳಿದೆ.

"ತೆರೀತು" ಎಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅಲ್ಲಲೇ ನಗರ, ಇದರೊಳಗೆ ಒಂದು ನೀಲಿ ಲಂಗ ಐತೆ. ಪಟ್ಟಿಯೊಳಗೆ ಕೆಂಪು ದಾರದಾಗೆ ಏನೋ ಬರೆದೈತೆ. ಕನ್ನಡಕ ಹಾಕ್ಕಂಡು ನೋಡ್ತೀನಿ, ತಡಿ."